ಬೀದರಿನಲ್ಲಿ ಅಕ್ಕನ ಕ್ಯಾಮೆರಾ ಜೊತೆ

ಕಲಬುರಗಿಯಲ್ಲಿ ಅಕ್ಕ ಮದುವೆ ಫೋಟೋ ತೆಗೆಯುತ್ತಾಳೆ. ಅದು ಹೊಟ್ಟೆಪಾಡು. ಮುಹೂರ್ತ ಇಲ್ಲದ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಎಲ್ಲಾದರೂ ಹೊರಟುಬಿಡುತ್ತಾಳೆ. ಈ ಸಲ ನಾನೂ ಹೊರಟೆ. ಬೆಳಗಿನ ರೈಲು ಹಿಡಿದು, ಹುಮನಾಬಾದ್ ದಾಟಿ, ಬೀದರ್.

ಮೊದಲು ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ. ಉಳಿದಿರುವ ಒಂದೇ ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ನಾನು ತಲೆಯೆತ್ತಿ ನೋಡುತ್ತಾ ನಿಂತೆ. ಅಕ್ಕ ಅದಕ್ಕೆ ಬೆನ್ನು ಹಾಕಿ ಕೂತಿದ್ದಳು. ಗೋಡೆಯ ನೆರಳಲ್ಲಿ ಒಬ್ಬ ತಾಯಿ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು, ರಿಬ್ಬನ್ ಹಲ್ಲಲ್ಲಿ ಕಚ್ಚಿಕೊಂಡು. ಅಕ್ಕ ಹೋಗಿ ಕೇಳಿದಳು. ಅವರು ನಕ್ಕರು. ಆಮೇಲೇ ಕ್ಲಿಕ್. ಕೇಳದೆ ತೆಗೆಯೋದು ಅವಳಿಗೆ ಆಗುವುದೇ ಇಲ್ಲ.

ಅಲ್ಲಿಂದ ಊರ ನಡುವಿನ ಹಳೆಯ ಗೋಪುರ ಚೌಬಾರಾ ಕಡೆ ನಡೆದು ಒಂದು ಬಿದರಿ ಕೆಲಸದ ಅಂಗಡಿಗೆ ಹೋದೆವು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿ. ಹಿರಿಯರೊಬ್ಬರು ಅದರ ಮೇಲೆ ಬಳ್ಳಿ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಮೆಲ್ಲಗೆ ಬಡಿಯುತ್ತಿದ್ದರು. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

"ಮಣ್ಣು ಛಲೋ ಅದನೋ ಇಲ್ಲೋ, ನಾಲಗಿಗಿ ಹಚ್ಚಿದ್ರ ಗೊತ್ತಾಗ್ತದ್ರಿ" ಅಂದರು.

ಒಂದು ತಾಸು ಅಕ್ಕ ಕ್ಯಾಮೆರಾ ಮುಟ್ಟಲಿಲ್ಲ. ಬಾಗಿಲಿನಿಂದ ಎಷ್ಟು ಚಂದದ ಬೆಳಕು ಬೀಳುತ್ತಿತ್ತು! ನನಗೆ ತಡೆಯಲಾಗಲಿಲ್ಲ.

"ತೆಗಿಯೇ ಅಕ್ಕ."

"ಸುಮ್ನಿರು."

ಚಾ ಬಂತು. ಹಿಂದೆಯೇ ಮೊಮ್ಮಗಳು ಓಡಿ ಬಂದು ಅಜ್ಜನ ತೊಡೆ ಏರಿದಳು. ಅವರು ಬಸಿಗೆ ಚಾ ಸುರಿದು ಊದತೊಡಗಿದರು. ಬೆರಳೆಲ್ಲ ಮಸಿ, ಉಗುರಿನ ಸಂದಿಯಲ್ಲಿ ಲೋಹದ ಪುಡಿ, ಹೆಬ್ಬೆರಳಿಗೆ ಅಂಟಿದ ಎಳ್ಳಿನಷ್ಟು ಬೆಳ್ಳಿ. ಆ ಕೈಯಲ್ಲಿ ಬಿಳಿ ಬಸಿ. ಮಗು ತುಟಿ ಮುಂದೆ ಮಾಡಿ ಕಾಯುತ್ತಿತ್ತು. ಅಕ್ಕ ಕಣ್ಣಲ್ಲೇ ಕೇಳಿದಳು, ಅವರು ತಲೆಯಾಡಿಸಿದರು. ಒಂದೇ ಒಂದು ಫೋಟೋ.

ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ ನೋಡಬೇಕು ಅಂತ ನನಗೆ ಬಹಳ ಆಸೆಯಿತ್ತು. ಅಕ್ಕ ಮೊದಲು ಸ್ಟುಡಿಯೋ ಹುಡುಕಿದಳು. ಪ್ರಿಂಟ್ ಹಾಕಿಸಿಕೊಂಡು ವಾಪಸ್ ಅಂಗಡಿಗೆ ಹೋದೆವು. ಹಿರಿಯರು ಕೈ ಒರೆಸಿಕೊಂಡು ಫೋಟೋದ ಅಂಚು ಮಾತ್ರ ಹಿಡಿದರು. ಮುಖ ಅದರಲ್ಲಿ ಇರಲಿಲ್ಲ. ಕೈ, ಬಸಿ, ಮಗುವಿನ ಗಲ್ಲ, ಅಷ್ಟೇ.

ಬಹಳ ಹೊತ್ತು ನೋಡಿದರು. ಮೊಮ್ಮಗಳು ಬಗ್ಗಿ, ಫೋಟೋದೊಳಗಿನ ಚಾ ಊದಿದಳು.