ಸಾಸವಡದ ಮಾಳ: ಎರಡನೇ ಮಳೆಗಾಲ

ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರರ ಪಾಲಖಿ ದಿವೆ ಘಾಟ್ ಹತ್ತಿ ಪುಣೆ ಹತ್ತಿರದ ಸಾಸವಡ ದಾಟಿದ ಮರುವಾರ, ಇಲ್ಲಿನ ಮಾವನವರ ಜಮೀನಿನಲ್ಲಿ ಹಬ್ಬಿದ ಲಂಟಾನ ಕಳೆ ಕೀಳುವ ಕೆಲಸ ಶುರು ಮಾಡಿದೆವು. ಎರಡು ಒಳ್ಳೆ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ನಾಲ್ಕು ಭಾನುವಾರದಲ್ಲಿ ಮಾವನವರ 2.5 ಎಕರೆಯಲ್ಲಿ ಅರ್ಧದಷ್ಟು ಲಂಟಾನ ಹೋಗಿದೆ.

ಹೋದ ವರ್ಷ ತಪ್ಪು ಮಾಡಿದ್ದೆವು. ಬುಡಕ್ಕೆ ಕಡಿದು ಸುಮ್ನೆ ಪುಣೆಗೆ ವಾಪಸ್ ಬಂದೆವು, ಎರಡೇ ತಿಂಗಳಲ್ಲಿ ಒಂದು ಕಾಂಡ ಇದ್ದ ಕಡೆ ಏಳೆಂಟು ಚಿಗುರು ಎದ್ದು ನಿಂತಿದ್ದವು. ಈ ಸಲ ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡದ ವಿಧಾನ ಹಿಡಿದಿದ್ದೇವೆ. ಕಾಂಡ ಬೇರು ಸೇರುವ ಜಾಗದಿಂದಲೇ ಇದು ಮತ್ತೆ ಚಿಗುರುವುದು, ಹಾಗಾಗಿ ಸುತ್ತ ಮಣ್ಣು ಬಿಡಿಸಿ, ಮೂರ್ನಾಲ್ಕು ಬೆರಳು ಕೆಳಗೆ ತಾಯಿಬೇರನ್ನೇ ಗುದ್ದಲಿಯಿಂದ ಕಡಿದು, ಪೊದೆಯನ್ನು ಎತ್ತಿ ತಲೆಕೆಳಗೆ ಮಾಡಿ ಇಡಬೇಕು. ಬೇರು ಬಿಸಿಲಿಗೆ ಒಣಗಬೇಕು. ಕೆಲಸ ನಿಧಾನ, ಆದರೆ ಇದುವರೆಗೆ ಕಿತ್ತದ್ದು ಒಂದೂ ಚಿಗುರಿಲ್ಲ.

ಪಕ್ಕದಲ್ಲಿ ಕುರಿ ಮೇಯಿಸುವ ಧನಗರ ಕಾಕಾ ಇದನ್ನು ಘಾಣೇರಿ ಅನ್ನುತ್ತಾರೆ. ಎಲೆ ಉಜ್ಜಿದರೆ ಬರುವ ವಾಸನೆಗೆ ಆ ಹೆಸರು. ತಿಂದರೆ ಕುರಿಗೆ ವಿಷ. ಇದು ಹಬ್ಬಿದಷ್ಟೂ ಅವರ ಮೇವು ಕಡಿಮೆ.

ಕಿತ್ತ ಜಾಗದಲ್ಲಿ ಗಿಡ ಯಾವಾಗ ನೆಡುತ್ತೀರಿ ಅಂತ ಸ್ನೇಹಿತರೆಲ್ಲ ಕೇಳುತ್ತಾರೆ. ನೆಡುವುದಿಲ್ಲ! ಇದು ಹಾಳಾದ ಕಾಡಲ್ಲ. ಮೊದಲಿಂದಲೂ ಹುಲ್ಲಿನ ನೆಲ, ಅಲ್ಲೊಂದು ಇಲ್ಲೊಂದು ಬಿಳಿಜಾಲಿ. ಇಲ್ಲಿ ಮಾಳರಾನ್ ಅನ್ನುತ್ತಾರೆ, ನಮ್ಮ ಕಡೆಯೂ ಮಾಳ ಅಂತಲೇ ಅಲ್ವಾ? ಇಂಥ ನೆಲವನ್ನು ಸರ್ಕಾರಿ ದಾಖಲೆಯಲ್ಲಿ ಪಾಳು ಅಂತ ಬರೆದಿಟ್ಟು, ಪುಣೆಯ ಗುಡ್ಡಗಳ ಮೇಲೆ ಗ್ಲಿರಿಸಿಡಿಯಾ ಮರ ನೆಟ್ಟು ಹಸಿರು ಮಾಡಿದರು. ಆ ನೆರಳಲ್ಲಿ ಬಿಸಿಲು ಬೇಕಾದ ಹುಲ್ಲು ಹೇಗೆ ಬೆಳೆಯಬೇಕು?

ನಾವು ಚೆಲ್ಲಿದ್ದು ಕುಸಳಿ ಹುಲ್ಲಿನ ಬೀಜ ಮಾತ್ರ, ಹೋದ ದೀಪಾವಳಿ ಆದಮೇಲೆ ಕಾಕಾ ತೋರಿಸಿದ ಕಡೆ ಆರಿಸಿ ತಂದದ್ದು. ಒಂದನ್ನು ಅಂಗೈ ಮೇಲೆ ಇಟ್ಟು ಹನಿ ನೀರು ಬಿಟ್ಟೆ. ಅದರ ಕಂದು ಬಾಲ ಮೆಲ್ಲಗೆ ತಿರುಗತೊಡಗಿತು. ಒದ್ದೆಯಾದರೆ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ, ಹಾಗೆ ತಿರುಗಿ ತಿರುಗಿ ಬೈರಿಗೆಯಂತೆ ಚೂಪು ತುದಿ ತಾನಾಗಿ ಮಣ್ಣಿಗೆ ಇಳಿಯುತ್ತದೆ. ನನ್ನ ಮಗಳು ಹತ್ತು ಬೀಜ ಮುಗಿಸುವವರೆಗೆ ಅಲ್ಲಿಂದ ಏಳಲಿಲ್ಲ.

ಬಿಳಿಜಾಲಿಗಳ ಕೆಳಗೆ ಲಂಟಾನ ಸಸಿ ಜಾಸ್ತಿ. ಪಿಕಳಾರಗಳು ಹಣ್ಣು ತಿಂದು ಬಂದು ಕೂರುವುದು ಅಲ್ಲೇ. ಒಂದೇ ಮರದ ಕೆಳಗೆ 60 ಸಸಿ ಕೈಯಲ್ಲೇ ಕಿತ್ತೆವು. ಇದನ್ನು ಇನ್ನೂ ಕೆಲವು ವರ್ಷ ಮಾಡುತ್ತಲೇ ಇರಬೇಕು.

ಮುಂದಿನ ಭಾನುವಾರ ಬದುವಿನ ಕಡೆ. ಲಂಟಾನ ಕಾಯಿ ಹಣ್ಣಾಗಿ ಕಪ್ಪಾಗುವ ಮೊದಲೇ ಮುಗಿಸಬೇಕು. ಒಂದು ಪೊದೆಯನ್ನು ಮಾತ್ರ ಬಿಟ್ಟಿದ್ದೇವೆ, ಮೊನ್ನೆ ಅದರಡಿಯಿಂದ ಗೌಜಲಹಕ್ಕಿ ಮೂರು ಮರಿ ಕಟ್ಟಿಕೊಂಡು ಓಡಿತು. ಅವು ಹಾರಲಿ, ಆಮೇಲೆ ನೋಡೋಣ.