ಹೆಚ್ಚುವ ಹಲಗೆಯನ್ನು ಹೆರೆದ ಮಧ್ಯಾಹ್ನ

ತೊಳೆದಿಟ್ಟ ಪ್ಲಾಸ್ಟಿಕ್ ಹಲಗೆಯ ಮೇಲೆ ಅಂಗೈ ಆಡಿಸಿದಾಗ ಅದು ಬೆಕ್ಕಿನ ನಾಲಿಗೆಯಷ್ಟು ಒರಟಾಗಿರುವುದು ನನ್ನ ಗಮನಕ್ಕೆ ಬಂದಿತು. ದಿನವೂ ತರಕಾರಿ ಹೆಚ್ಚುವ ನಡುಭಾಗದಲ್ಲಿ ಚಾಕುವಿನ ಗೀರುಗಳು ಒಂದರ ಮೇಲೊಂದು ಬಿದ್ದು, ಎಷ್ಟು ತಿಕ್ಕಿದರೂ ಹೋಗದ ಕಂದು ಗೆರೆಗಳಾಗಿದ್ದವು. ಅಂಥ ಸಂದುಗಳಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಸಾಬೂನಿಗೆ ಸುಲಭವಾಗಿ ಸಿಗುವುದಿಲ್ಲವೆಂದು ತಿಳಿದಿದ್ದುದರಿಂದ, ಎಸೆಯುವ ಮೊದಲು ಮೇಲ್ಪದರವನ್ನೇ ತೆಗೆದು ನೋಡೋಣವೆಂದು ಕುಳಿತೆ.

ಸ್ಯಾಂಡ್‌ಪೇಪರಿನಿಂದ ಆರಂಭಿಸಿದ್ದೇ ತಪ್ಪಾಯಿತು. 80 ನಂಬರಿನ ಒರಟು ಹಾಳೆಯನ್ನು ಒಣ ಹಲಗೆಯ ಮೇಲೆ ಬಲವಾಗಿ ಉಜ್ಜಿದೆ. ಮರವಾಗಿದ್ದರೆ ಪುಡಿ ಉದುರುತ್ತಿತ್ತು. ಇದು ಪಾಲಿಎಥಿಲೀನ್, ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ, ಅದಕ್ಕೂ ಮೊದಲೇ ಮೆತ್ತಗಾಗುವ ವಸ್ತು. ಉಜ್ಜಿದಷ್ಟೂ ಅದು ಕಳಚಿಬರುವ ಬದಲು ಎಳೆಎಳೆಯಾಗಿ ಎದ್ದು, ಕಾಲು ಗಂಟೆಯಲ್ಲಿ ಹಲಗೆಗೆ ಹಳೆಯ ಕಂಬಳಿಯ ಜುಂಗು ಬಂದಿತ್ತು.

ಕೊನೆಗೆ ಮರಗೆಲಸಕ್ಕೆಂದು ಇಟ್ಟಿದ್ದ ಉಕ್ಕಿನ ಹೆರೆಯುವ ತಗಡನ್ನು ಹೊರತೆಗೆದೆ. ಅದನ್ನು ಎರಡೂ ಕೈಗಳಿಂದ ಹಿಡಿದು, ತುಸು ಮುಂದಕ್ಕೆ ಬಾಗಿಸಿ, ಹೆಬ್ಬೆರಳುಗಳಿಂದ ಒತ್ತುತ್ತಾ ತಳ್ಳಿದಾಗ ಪಾರದರ್ಶಕವೆನ್ನುವಷ್ಟು ತೆಳ್ಳನೆಯ ಬಿಳಿ ಸುರುಳಿಗಳು ಅಂಚಿನಿಂದ ಬಿಚ್ಚಿಕೊಂಡು ಬಂದವು. ಕೈಗೆ ತಗಲುವ ಆ ನುಣುಪು ಸ್ಯಾಂಡ್‌ಪೇಪರ್ ಹಿಡಿದು ಪಟ್ಟ ಶ್ರಮವನ್ನೆಲ್ಲ ಮರೆಸಿತು. ಆಳವಾದ ಗೀರು ಕಂಡಲ್ಲೇ ಹೆರೆಯಬೇಕೆಂಬ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು, ಏಕೆಂದರೆ ಒಂದೇ ಕಡೆ ತಗ್ಗಾದರೆ ಅಲ್ಲಿ ಚಾಕು ತಳ ಮುಟ್ಟದೆ, ಹೆಚ್ಚಿದ ಹೋಳುಗಳು ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತವೆ. ಹಾಗಾಗಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಮೊದಲು ಉದ್ದಕ್ಕೆ, ಬಳಿಕ ಓರೆಯಾಗಿ ಹೆರೆದೆ. ಉಳಿದ ಜುಂಗನ್ನು 220 ನಂಬರಿನ ಹಾಳೆಯಿಂದ, ಈ ಬಾರಿ ನೀರು ಹಾಕಿಕೊಂಡು, ಹಗುರವಾಗಿ ಉಜ್ಜಿ ತೆಗೆದೆ. ಸುರುಳಿಗಳನ್ನೂ ಕೆಸರಿನಂತಾದ ಪುಡಿಯನ್ನೂ ಬಟ್ಟೆಯಲ್ಲಿ ಒರೆಸಿ ಕಸಕ್ಕೆ ಹಾಕಿದೆ; ಅಷ್ಟೊಂದು ಪ್ಲಾಸ್ಟಿಕ್ ಕಣಗಳನ್ನು ಸಿಂಕಿಗೆ ಬಿಡಲು ಮನಸ್ಸಾಗಲಿಲ್ಲ.

ಬಳಿಕ ಸುಮಾರು 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್, ಸುವಾಸನೆಯಿಲ್ಲದ ಬ್ಲೀಚ್ ಬೆರೆಸಿ ಹಲಗೆಯನ್ನು ಕೆಲವು ನಿಮಿಷ ನೆನೆಸಿ ತೊಳೆದೆ. ಪಕ್ಕದಲ್ಲೇ ಇದ್ದ ವಿನೆಗರ್ ಬಾಟಲಿಯನ್ನು ಮೊದಲೇ ದೂರ ಇಟ್ಟಿದ್ದೆ, ಏಕೆಂದರೆ ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ.

ಅಂಚಿನ ಬಳಿಯ ಒಂದು ಗೀರು ಮಾತ್ರ ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿ ಹಾಗೆಯೇ ಉಳಿಯಿತು. ಅದೊಂದಕ್ಕಾಗಿ ಇಡೀ ಹಲಗೆಯನ್ನು ಇನ್ನಷ್ಟು ತೆಳುವಾಗಿಸುವ ತಾಳ್ಮೆ ಆ ಸಂಜೆ ನನ್ನಲ್ಲಿ ಇರಲಿಲ್ಲ. ಹಸಿ ಮಾಂಸಕ್ಕೆ ಬೇರೆ ಹಲಗೆ ತಂದು, ಇದನ್ನು ಹಣ್ಣು ತರಕಾರಿಗಳಿಗೆ ಮಾತ್ರ ಇಟ್ಟುಕೊಂಡೆ.