ಸ್ಟೇರಿಂಗ್ ನಡುಗುತ್ತಾ, ಸೀಟು ನಡುಗುತ್ತಾ?

23 ನವೆಂಬರ್ 2025, ಭಾನುವಾರ, ರಾತ್ರಿ 9.45

ಇವತ್ತು ಅಡಿಕೆ ಕೊನೆ ತೆಗೆಯುವವರು ಬರಲಿಲ್ಲ. ನಿನ್ನೆಯ ಅಡಿಕೆಯೇ ಅರ್ಧ ಸುಲಿಯದೆ ಜಗಲಿಯಲ್ಲಿ ರಾಶಿ ಬಿದ್ದಿದೆ. ಅದಿರಲಿ. ಸಂಜೆ ಪುಟ್ಟಿ ಫೋನ್ ಮಾಡಿದ್ದಳು. ಅದನ್ನು ಬರೆಯದೆ ನಿದ್ದೆ ಬರುವ ಹಾಗಿಲ್ಲ.

ಹೋದ ಭಾನುವಾರವೇ ಅವಳು ನನ್ನ ಹತ್ತಿರ ಹೇಳಿದ್ದಳು. ‘ಅಣ್ಣ, ಚಳಿಗಾಲದ ಟೈರು ಹಾಕಿಸಿದಾಗಿನಿಂದ ಕಾರು ಎತ್ತಿನ ಗಾಡಿ ಆಗಿದೆ. ದಡಬಡ ಅನ್ನುತ್ತೆ, ನಡುಗುತ್ತೆ.’ ಹಾಕಿದವರನ್ನು ಕೇಳಿದರೆ ಈ ಟೈರು ಇರುವುದೇ ಹೀಗೆ, ಅಭ್ಯಾಸ ಆಗುತ್ತೆ ಅಂದರಂತೆ. ನಾನೂ ಅದನ್ನೇ ಹೇಳಿದೆ. ಅಭ್ಯಾಸ ಆಗುತ್ತೆ ಬಿಡು ಪುಟ್ಟಿ ಅಂತ. ಅಪ್ಪಯ್ಯನಿಗೆ ಹೇಳಲಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ ಅಂದುಕೊಂಡೆ. ಆ ಒಂದು ವಾರ ಅವಳು ಅದೇ ಕಾರಿನಲ್ಲಿ ಹೆದ್ದಾರಿಯಲ್ಲಿ ಓಡಾಡಿದ್ದಾಳೆ. ಈಗ ನೆನೆಸಿಕೊಂಡರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ಅವಳಿರುವ ಕೆನಡಾದ ಮಾಂಟ್ರಿಯಲ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕಲೇಬೇಕು, ಅದು ಕಾನೂನು. ಹಾಗಾಗಿ ಹೋದ ತಿಂಗಳೇ ಕಬ್ಬಿಣದ ರಿಮ್ ಸಮೇತ ಒಂದು ಸೆಟ್ ಕೊಂಡು ಹಾಕಿಸಿದ್ದಳು.

ಇವತ್ತು ಏಳೂವರೆಗೆ ಫೋನ್ ಬಂದಾಗ ನಾನು ಸ್ಪೀಕರಿಗೆ ಹಾಕಿದ್ದೆ. ಅಲ್ಲಿ ಬೆಳಿಗ್ಗೆ ಒಂಬತ್ತು. ಅಪ್ಪಯ್ಯ ಮೆಟ್ಟುಗತ್ತಿ ಮುಂದೆ ಕೂತಿದ್ದರು. ‘ಇನ್ನೂ ನಡುಗುತ್ತೆ ಅಣ್ಣ’ ಅಂತ ಅವಳು ಅಂದದ್ದೇ, ಅಡಿಕೆ ಸುಲಿಯುವ ಶಬ್ದ ನಿಂತಿತು.

‘ಎಂಥದು ನಡುಗೋದು?’

ನಾನು ಏನೋ ಸಣ್ಣದು ಅನ್ನುವಷ್ಟರಲ್ಲಿ ಅವರು ಎದ್ದು ಬಂದು ಫೋನ್ ಕೈಗೆ ತಗೊಂಡಿದ್ದರು.

‘ಪುಟ್ಟಿ, ಸ್ಟೇರಿಂಗ್ ನಡುಗುತ್ತಾ, ಸೀಟು ನಡುಗುತ್ತಾ?’

ಅವಳು ಸ್ವಲ್ಪ ಯೋಚನೆ ಮಾಡಿದಳು. ‘ಸ್ಟೇರಿಂಗ್ ಅಪ್ಪಯ್ಯ.’

‘ಹಂಗಾದ್ರೆ ಮುಂದಿನ ಚಕ್ರ. ಸೀಟು ನಡುಗಿದ್ರೆ ಹಿಂದಿಂದು. ಬ್ರೇಕ್ ಒತ್ತಿದಾಗ ಜಾಸ್ತಿ ಆಗುತ್ತಾ?’

‘ಇಲ್ಲ.’

‘ಗಾಡಿ ಒಂದು ಕಡೆಗೆ ಎಳೆಯುತ್ತಾ?’

‘ಇಲ್ಲ. ಆದ್ರೆ ಅಲೈನ್‌ಮೆಂಟ್ ಮಾಡಿಸು ಅಂತ ಆಫೀಸಲ್ಲಿ ಎಲ್ರೂ ಹೇಳ್ತಿದ್ದಾರೆ.’

‘ಬೇಡ, ದುಡ್ಡು ದಂಡ. ಚಕ್ರ ಬಿಚ್ಚಿ ಬೇರೆ ಚಕ್ರ ಹಾಕಿದ್ರೆ ಅಲೈನ್‌ಮೆಂಟ್ ಕೆಡಲ್ಲ.’

ಅಪ್ಪಯ್ಯ ಇಷ್ಟು ಮಾತಾಡಿದ್ದನ್ನು ಕೇಳಿ ಎಷ್ಟು ದಿನ ಆಗಿತ್ತೋ. ಕಣ್ಣಿನ ಪೊರೆ ತೆಗೆಸಿದ ಮೇಲೂ ರಾತ್ರಿ ಎದುರು ಗಾಡಿಯ ಬೆಳಕು ಚೆಲ್ಲಿದ ಹಾಗೆ ಕಾಣುತ್ತದೆ ಅಂತ, ತಾವಾಗಿಯೇ ಒಂದು ದಿನ ಕೀ ತಂದು ನನ್ನ ಕೈಗಿಟ್ಟರು. ಆವತ್ತಿನಿಂದ ಗಾಡಿ ವಿಷಯ ಎತ್ತಿದ್ದಿಲ್ಲ. ಮೂವತ್ತು ವರ್ಷ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು ಓಡಿಸಿದ ಮನುಷ್ಯ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಜಾಗ ಅದು. ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಟೈರಿನ ಗುಣ ಏನು ಅಂತ ಗೊತ್ತಾಗುತ್ತದೆ ಅನ್ನುತ್ತಿದ್ದರು. ಮೃಗಶಿರಾ ಮಳೆ ಶುರುವಾಗುವ ಮುಂಚೆ ಬಸ್ಸಿನ ಒಂದೊಂದು ಟೈರಿನ ಮೇಲೂ ಅಂಗೈ ಆಡಿಸಿ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ದನದ ಮೈ ಸವರಿದ ಹಾಗೆ.

ನಮ್ಮ ಮನೆಯಲ್ಲಿ ವಿಡಿಯೊ ಕಾಲ್ ನಿಲ್ಲುವುದು ಅಂಗಳದ ತುಳಸಿಕಟ್ಟೆ ಹತ್ತಿರ ಮಾತ್ರ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಪುಟ್ಟಿ ಕೆಳಗಿಳಿದು ಪಾರ್ಕಿಂಗಿಗೆ ಬಂದು ಕಾರು ತೋರಿಸಿದಳು. ಮೈನಸ್ 3 ಅಂತೆ. ಅಮ್ಮ ಹಿಂದಿನಿಂದ ‘ಕೈಗೆ ಏನಾದ್ರೂ ಹಾಕ್ಕೊಳ್ಳೇ’ ಅಂತ ಮೂರು ಸಲ ಕೂಗಿದರು. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತು. ಅಪ್ಪಯ್ಯ ಫೋನನ್ನು ಒಳ್ಳೆ ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. 7 ಡಿಗ್ರಿಗಿಂತ ಕೆಳಗೆ ಹೋದರೆ ಮಾಮೂಲಿ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ತಪ್ಪುತ್ತದೆ, ಇದು ಚಳಿಯಲ್ಲೂ ಮೆತ್ತಗೆ ಇರುತ್ತದೆ ಅಂತ ಅವಳು ವಿವರಿಸಿದಳು.

‘ಅಲ್ಲ ಮಾರಾಯ್ತಿ, ಮೆತ್ತಗಿನ ರಬ್ಬರು ಹಾಕಿದ ಮೇಲೆ ಸ್ವಲ್ಪ ಗುಂಯ್ ಅನ್ನಬಹುದು, ತಿರುವಲ್ಲಿ ಓಲಾಡಿದ ಹಂಗೆ ಅನ್ನಿಸಬಹುದು. ಗುಂಡಿ ಬಂದ್ರೆ ಸೊಂಟಕ್ಕೆ ಹೊಡೀತು ಅಂದ್ರೆ ತಪ್ಪು ರಬ್ಬರಿನದ್ದಲ್ಲ. ಗಾಳಿ ನೋಡು. ಓಡಿಸಬೇಡ, ತಣ್ಣಗಿದ್ದಾಗಲೇ ನೋಡು.’

ಡ್ರೈವರ್ ಬಾಗಿಲು ತೆರೆದರೆ ಒಳಗಿನ ಕಂಬದ ಮೇಲೆ ಒಂದು ಸ್ಟಿಕ್ಕರ್. ನಾಲ್ಕು ಟೈರಿಗೂ ಗಾಳಿ 33 ಪಿಎಸ್‌ಐ. ಡಿಕ್ಕಿಯಲ್ಲಿದ್ದ ಪುಟ್ಟ ಪಂಪಿನ ಮೀಟರ್ ಹಚ್ಚಿ ನೋಡಿದಳು. 46, 45, 46, 44.

ಅಪ್ಪಯ್ಯ ಏನೂ ಹೇಳದೆ ನನ್ನ ಮುಖ ನೋಡಿದರು. ಚಳಿಗೆ ಗಾಳಿ ಇಳಿಯುತ್ತದೆ, ಸುಮಾರು 5–6 ಡಿಗ್ರಿಗೆ ಒಂದು ಪಾಯಿಂಟಿನ ಹಾಗೆ. ಅದಕ್ಕೆ ಒಂದೆರಡು ಜಾಸ್ತಿ ಹಾಕಿದರೆ ಸರಿ. ಹದಿಮೂರು ಜಾಸ್ತಿ ಯಾಕೆ? ಟೈರು ಮರದ ಗಾಲಿ ಆಗುತ್ತದೆ. ನೆಲಕ್ಕೆ ತಾಗುವ ಜಾಗವೂ ಕಡಿಮೆಯಾಗುತ್ತದೆ. ಐಸಿನ ಮೇಲೆ ಅದೇ ಅಲ್ವಾ ಬೇಕಾದದ್ದು?

ಅವಳು ಗಾಳಿ ಬಿಟ್ಟು, ಎರಡು ಬೀದಿ ಸುತ್ತಿ ಬಂದಳು. ಆ ಹತ್ತು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ. ಚಳಿ ಇಲ್ಲೂ ಶುರುವಾಗಿದೆ, ತೋಟದ ಕಡೆಯಿಂದ ಮಂಜು ಏಳುತ್ತಿತ್ತು.

‘ಅಪ್ಪಯ್ಯ, ಹೊಡೆಯೋದು ನಿಂತೇ ಹೋಯ್ತು! ಹಳೇ ಕಾರು ವಾಪಸ್ ಸಿಕ್ಕಿದ ಹಾಗಾಯ್ತು.’

ನನಗೆ ಎಷ್ಟು ಖುಷಿಯಾಯಿತು ಅಂದರೆ, ನಾನೇ ಸರಿಮಾಡಿದೆ ಅನ್ನುವ ಹಾಗೆ. ಅಪ್ಪಯ್ಯ ಮಾತ್ರ ನಗಲಿಲ್ಲ.

‘ಸ್ಟೇರಿಂಗು?’

‘ಅದು ಸ್ವಲ್ಪ ಇದೆ. ಆದ್ರೆ ಪರವಾಗಿಲ್ಲ.’

‘ಯಾವ ಸ್ಪೀಡಲ್ಲಿ?’

‘30–40ಕ್ಕೇ ಬರುತ್ತೆ. ಹೆದ್ದಾರಿಗೆ ಹೋದ್ರೆ ಜಾಸ್ತಿಯಾಗ್ತಾ ಹೋಗುತ್ತೆ. ಮೊದಲ ವಾರ ಇಷ್ಟಿರಲಿಲ್ಲ.’

ಚಕ್ರದ ತೂಕದ ಬ್ಯಾಲೆನ್ಸಿಂಗ್ ತಪ್ಪಿದ್ದರೆ ನಡುಕ ಸಾಮಾನ್ಯವಾಗಿ 80ರ ಮೇಲೆ ಬರುತ್ತದೆ ಅಂತ ನನಗೂ ಗೊತ್ತು. ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದದ್ದನ್ನು ನೋಡಿದೆ. ದನಿ ಮಾತ್ರ ಹಾಗೇ ಇತ್ತು. ‘ವೀಲ್ ಪಾನಾ ತಗೋ ಪುಟ್ಟಿ. ಡ್ರೈವರ್ ಸೈಡಿನ ಮುಂದಿನ ಚಕ್ರದ ನಟ್ಟು ನೋಡು.’ ಅವಳು ಎಡಗಡೆ ಕೂತಳು. ‘ಆ ಕಡೆ ಅಲ್ಲ’ ಅಂದರು. ‘ಇಲ್ಲಿ ಡ್ರೈವರ್ ಎಡಗಡೆ ಅಪ್ಪಯ್ಯ.’ ‘ಹೌದಲ್ಲ... ಎರಡೂ ನೋಡು, ಎರಡೂ.’

ಎಡಗಡೆಯವು ಬಿಗಿಯಾಗಿದ್ದವು. ಬಲಗಡೆ ಮೊದಲ ನಟ್ಟಿಗೆ ಪಾನಾ ಹಚ್ಚಿದಳು. ಅದು ಒಂದೇ ಕೈಯಲ್ಲಿ ತಿರುಗಿತು. ಅರ್ಧ ಸುತ್ತು, ಇನ್ನೂ ಸ್ವಲ್ಪ. ಎರಡನೆಯದೂ ಹಾಗೇ.

ಫೋನಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. ‘ಅಪ್ಪಯ್ಯ, ನಿನ್ನೆ ಇದರಲ್ಲೇ ನೂರರಲ್ಲಿ ಹೋಗಿದ್ದೆ.’

‘ಆಯ್ತು. ಈಗ ನಿಂತಿದೆ ಅಲ್ವಾ? ನಿಂತಿರೋ ಗಾಡಿಗೆ ಹೆದರಬಾರದು. ಜಾಕ್ ತೆಗಿ.’

ಎಷ್ಟು ಸಮಾಧಾನದಿಂದ ಅಂದರು. ಅಮ್ಮ ಅಲ್ಲೇ ನಿಂತು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು. ನನಗೆ ನಾಲಿಗೆ ಒಣಗಿತ್ತು.

ಜಾಕ್ ಹಾಕಿ, ಚಕ್ರ ಬಿಚ್ಚಿಸಿ, ಚಕ್ರ ಕೂರುವ ಹಬ್ಬಿನ ಮುಖ ತೋರಿಸು ಅಂದರು. ಪುಟ್ಟಿ ಫೋನ್ ಹತ್ತಿರ ತಂದಳು. ಮುಖದ ತುಂಬ ಕಂದು ತುಕ್ಕು, ಹಪ್ಪಳದ ಹಾಗೆ ಎದ್ದು ನಿಂತಿತ್ತು. ಒಂದು ಕಡೆ ಮಾತ್ರ, ಹೆಬ್ಬೆರಳಿನಷ್ಟು ಜಾಗ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ರಿಮ್ ಕೂತದ್ದು ಅಷ್ಟೇ ಜಾಗದಲ್ಲಿ. ಉಳಿದಲ್ಲೆಲ್ಲ ತುಕ್ಕಿನ ಮೇಲೆ. ಓಡಿಸುತ್ತಾ ಆ ತುಕ್ಕು ಪುಡಿಯಾಗುತ್ತದೆ, ಸಂದು ಬಿಡುತ್ತದೆ, ನಟ್ಟು ಸಡಿಲವಾಗುತ್ತದೆ. ಹಾಕುವ ಮೊದಲು ಎರಡು ನಿಮಿಷ ತಂತಿ ಬ್ರಷ್ಷಿನಲ್ಲಿ ಉಜ್ಜಿದ್ದರೆ ಆಗಿತ್ತು. 80–100 ಕಿಲೋಮೀಟರ್ ಓಡಿದ ಮೇಲೆ ಬಂದು ಬಿಗಿ ನೋಡಿಸಿಕೊಂಡು ಹೋಗಮ್ಮಾ ಅಂತ ಒಂದು ಮಾತು ಹೇಳಿದ್ದರೆ ಆಗಿತ್ತು. ಅಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ತುಕ್ಕು ಹಿಡಿಯುವುದು ಅವರಿಗೆ ಹೊಸದಲ್ಲ. ಸಿಟ್ಟು ಬರುತ್ತದೆ. ನನ್ನ ‘ಅಭ್ಯಾಸ ಆಗುತ್ತೆ ಬಿಡು’ ನೆನಪಾಗಿ ಇನ್ನೂ ಜಾಸ್ತಿ ಬರುತ್ತದೆ.

ಹಳೇ ಚಾಕುವಿನಲ್ಲಿ ಕೆರೆದಳು. ಕೈ ಮರಗಟ್ಟಿದೆ ಅಂದಾಗ ಅಪ್ಪಯ್ಯ ‘ಕಂಕುಳಲ್ಲಿ ಇಟ್ಕೊ, ಅವಸರ ಇಲ್ಲ’ ಅಂದರು. ಅವಳು ಏಳು ವರ್ಷದವಳಿದ್ದಾಗ ಸೈಕಲ್ ಕಲಿಸಿದ ದನಿ ಅದೇ. ಚಕ್ರ ಎತ್ತಿ ಕೂರಿಸಿದಳು. ‘ಈಗ ಮೊದಲು ಕೈಯಲ್ಲೇ ತಿರುಗಿಸು. ಪಕ್ಕ ಪಕ್ಕದ್ದು ಹಾಕಬೇಡ. ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಂಗೆ. ಆಮೇಲೆ ಜಾಕ್ ಇಳಿಸಿ ಪಾನಾದಲ್ಲಿ ಬಿಗಿ ಮಾಡು. ಬಿಗಿ ಮಾಡಿದ್ರೂ ಓಡಿಸಬೇಡ. ನಾಳೆ ಬೇರೆ ಗ್ಯಾರೇಜಿನವರಿಗೆ ಮನೆಗೇ ಬರಕ್ಕೆ ಹೇಳು, ಬೋಲ್ಟು ಸವೆದಿದೆಯಾ ನೋಡಲಿ. ನೀನು ಮೆಟ್ರೋದಲ್ಲಿ ಹೋಗು.’

‘ಹೂಂ ಅಪ್ಪಯ್ಯ’ ಅಂದಳು. ಫೋನನ್ನು ನೆಲದ ಮೇಲೆ ಏನಕ್ಕೋ ಒರಗಿಸಿಟ್ಟಿದ್ದಳು. ಚಕ್ರ, ಅವಳ ಮೊಣಕಾಲು, ನೀಲಿ ಗ್ಲೌಸು. ಒಂದು, ಎರಡು, ಮೂರು... ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಆಮೇಲೆ ಫೋನ್ ಸ್ವಿಚ್ ಆಫ್. ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ ಅಂತ ಅವಳೇ ಹೇಳುತ್ತಿರುತ್ತಾಳೆ. ಮೇಲೆ ಹೋಗಿ ಚಾರ್ಜಿಗೆ ಇಟ್ಟು ಮಾಡುತ್ತಾಳೆ ಅಂತ ಅಮ್ಮನಿಗೆ ಹೇಳಿದೆ. ಅರ್ಧ ಗಂಟೆ ಮೇಲಾಯಿತು.

ಅಪ್ಪಯ್ಯ ಊಟ ಮಾಡಿಲ್ಲ. ಮತ್ತೆ ಮೆಟ್ಟುಗತ್ತಿ ಮುಂದೆ ಕೂತಿದ್ದಾರೆ, ಕೈಯಲ್ಲಿ ಒಂದೇ ಅಡಿಕೆ ಹಿಡಿದುಕೊಂಡು. ಈಗ ತಾನೇ ಕರೆದು ಕೇಳಿದರು.

‘ಆ ಚಕ್ರಕ್ಕೆ ಐದು ನಟ್ಟು ಅಲ್ವಾ? ಫೋನ್ ಕಟ್ಟಾಗೋ ಮುಂಚೆ ಎಷ್ಟು ಹಾಕಿದ್ಲು, ನೀನು ಎಣಿಸಿದೆಯಾ? ನಾನು ನಾಲ್ಕು ಎಣಿಸಿದೆ.’

ನಾನೂ ನಾಲ್ಕೇ